ಲುಕ್ಮಾನರ ಬಳಿಯೂ ಇಲ್ಲವೆಂಬ ಮದ್ದು

'ವಹಮ್‌ಗೆ ಹಕೀಮ್ ಲುಕ್ಮಾನರ ಬಳಿಯೂ ಮದ್ದಿಲ್ಲ' ಎಂಬುದು ಉರ್ದು ಮಾತಾಡುವ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಗಾದೆ. ವಹಮ್ ಎಂದರೆ ಇಲ್ಲದ್ದನ್ನು ಇದೆಯೆಂದು ನಂಬುವುದು. ಕನ್ನಡದಲ್ಲಿ ಭ್ರಮೆ ಎನ್ನಬಹುದು. ಮನೆಯಲ್ಲಿ ಯಾರಾದರೂ ಒಂದೇ ಸಂಶಯವನ್ನು ಮತ್ತೆ ಮತ್ತೆ ತೋಡಿಕೊಂಡಾಗ ಹಿರಿಯರು ಈ ಗಾದೆಯನ್ನು ಹೇಳಿ ಮಾತು ಮುಗಿಸುತ್ತಾರೆ. ಸಂಶಯಪಟ್ಟವರೂ ಸುಮ್ಮನಾಗುತ್ತಾರೆ. ಆದರೆ ಅವರ ಒಳಗಿನ ಸಂಶಯ ಸುಮ್ಮನಾಗುವುದಿಲ್ಲ.

ಗಾದೆ ಸುಳ್ಳಾಗದು ಎನ್ನುತ್ತೇವೆ. ಆದರೆ ಈ ಗಾದೆಯ ಮಟ್ಟಿಗೆ ವೈದ್ಯಶಾಸ್ತ್ರದ ಇತಿಹಾಸ ಬೇರೆಯೇ ಮಾತನ್ನು ಹೇಳುತ್ತದೆ. ಸಾವಿರ ವರ್ಷಗಳ ಹಿಂದೆಯೇ ವಹಮ್ ಅನ್ನು ಒಂದು ರೋಗವೆಂದು ಗುರುತಿಸಿ, ಅದರ ಬಗ್ಗೆ ಗ್ರಂಥ ಬರೆದು, ಅದಕ್ಕೆ ಮದ್ದು ಹುಡುಕಿದ ವೈದ್ಯರಿದ್ದರು. ಅದರಲ್ಲೂ ತನ್ನ ದೇಹದ ಬಗ್ಗೆಯೇ ಮನುಷ್ಯನಿಗೆ ಹುಟ್ಟುವ ವಿಚಿತ್ರ ನಂಬಿಕೆಗಳು ಅವರ ಗಮನವನ್ನು ವಿಶೇಷವಾಗಿ ಸೆಳೆದಿದ್ದವು. ತನ್ನ ಮೂಗು ವಿಕಾರವಾಗಿದೆ, ತನ್ನ ಚರ್ಮ ನೋಡಲಾಗದಂತಿದೆ ಎಂದು ನಂಬಿ ಕೋಣೆಯ ಬಾಗಿಲು ಹಾಕಿಕೊಳ್ಳುವ ಇಂದಿನ ಯುವಕ ಯುವತಿಯರನ್ನು ಅರಿಯಲು ಆ ಹಳೆಯ ಪುಟಗಳನ್ನು ತಿರುವಿ ನೋಡುವುದು ಉಪಯುಕ್ತವೆಂದು ನಮಗನಿಸುತ್ತದೆ.

ಮಣ್ಣಿನ ಮನುಷ್ಯರು

ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ತನ್ನ ಗ್ರಂಥವೊಂದರಲ್ಲಿ ಕೆಲವು ರೋಗಿಗಳನ್ನು ಹೆಸರಿಸದೆ ಪ್ರಸ್ತಾಪಿಸುತ್ತಾನೆ. ಅವರಲ್ಲೊಬ್ಬ, ತಾನು ಮಣ್ಣಿನ ಪಾತ್ರೆಯಂತೆ ಒಡೆದು ಹೋಗುವವನೆಂದು ನಂಬಿದ್ದ. ಎದುರಿಗೆ ಜನ ಬಂದರೆ ತಾಗಿ ಚೂರಾದೇನೆಂದು ಹೆದರಿ ದೂರ ಸರಿಯುತ್ತಿದ್ದ. ಇನ್ನೊಬ್ಬ, ಕೋಳಿಹುಂಜ ರೆಕ್ಕೆ ಬಡಿದು ಕೂಗುವುದನ್ನು ಕಂಡು ತಾನೂ ಕೈಗಳನ್ನು ಪಕ್ಕೆಗೆ ಬಡಿಯುತ್ತಾ ಕೂಗುತ್ತಿದ್ದ. ಗ್ರೀಕರು ಇಂಥ ಸ್ಥಿತಿಯನ್ನು 'ಮೆಲಂಕೋಲಿಯಾ' ಎಂದು ಕರೆದರು. ಅಂದರೆ ಕಪ್ಪು ಪಿತ್ತ. ದೇಹದಲ್ಲಿ ಕಪ್ಪು ಪಿತ್ತ ಹೆಚ್ಚಾಗಿ ಅದರ ಆವಿ ಮೆದುಳಿಗೆ ಏರುವುದೇ ಇದಕ್ಕೆ ಕಾರಣವೆಂಬುದು ಅವರ ತರ್ಕ. ಈ ತರ್ಕ ತಪ್ಪೆಂದು ಇಂದು ಗೊತ್ತಿದೆ. ಆದರೆ ಅದರಲ್ಲೊಂದು ದೊಡ್ಡ ಲಾಭವಿತ್ತು. ರೋಗಿಯ ಮೈಮೇಲೆ ಯಾರೋ ಬಂದಿದ್ದಾರೆ ಎನ್ನುವ ಬದಲು ಅವನ ಮೈಯೊಳಗೆ ಏನೋ ಕೆಟ್ಟಿದೆ ಎಂದು ಅದು ಹೇಳಿತು. ಮೈಯೊಳಗೆ ಕೆಟ್ಟದ್ದನ್ನು ಸರಿಪಡಿಸಲು ಪ್ರಯತ್ನಿಸಬಹುದಲ್ಲವೇ?

ಎಫೆಸಸ್‌ನ ರೂಫಸ್ ಎಂಬ ಮತ್ತೊಬ್ಬ ಗ್ರೀಕ್ ವೈದ್ಯ ಈ ಕಾಯಿಲೆಯ ಬಗ್ಗೆಯೇ ಗ್ರಂಥವೊಂದನ್ನು ರಚಿಸಿದ್ದ. ಅದರ ಗ್ರೀಕ್ ಮೂಲ ಕಳೆದುಹೋಗಿದೆ. ಅದರ ಎಷ್ಟೋ ಭಾಗ ಇಂದು ನಮಗೆ ಸಿಗುವುದು ಅರಬಿ ವೈದ್ಯರು ತಮ್ಮ ಬರಹಗಳಲ್ಲಿ ಉಳಿಸಿಕೊಂಡ ಉಲ್ಲೇಖಗಳಿಂದ. ಅಂಥವರಲ್ಲಿ ಪ್ರಮುಖರು ಇಸ್‌ಹಾಕ್ ಇಬ್ನು ಇಮ್ರಾನ್. ಬಗ್ದಾದ್‌ನಿಂದ ಹೊರಟು ಇಂದಿನ ಟುನೀಶಿಯಾದ ಕೈರವಾನ್ ನಗರದಲ್ಲಿ ಅಗ್ಲಬಿ ದೊರೆಗಳ ಆಸ್ಥಾನ ವೈದ್ಯರಾಗಿದ್ದ ಅವರು, 10ನೇ ಶತಮಾನದ ಆರಂಭದ ಹೊತ್ತಿಗೆ 'ಮಾಲಿಖೂಲಿಯಾ' ಬಗ್ಗೆ ಒಂದು ಸ್ವತಂತ್ರ ಪ್ರಬಂಧವನ್ನು ಬರೆದರು. ತನಗೆ ತಲೆಯೇ ಇಲ್ಲವೆಂದು ನಂಬಿದ್ದ ವ್ಯಕ್ತಿಯ ವೃತ್ತಾಂತ ಅದರಲ್ಲಿದೆ. ಆತನಿಗೆ ಸೀಸದ ಟೋಪಿಯೊಂದನ್ನು ಮಾಡಿಸಿ ತೊಡಿಸಲಾಯಿತು. ಸೀಸದ ಭಾರ ಒತ್ತತೊಡಗಿದಾಗ ತಲೆ ಇದೆಯೆಂಬುದು ಆತನಿಗೆ ಅರಿವಾಯಿತು.

ಭಯ ಮತ್ತು ದುಃಖಗಳು ಈ ರೋಗದ ಮುಖ್ಯ ಲಕ್ಷಣಗಳೆಂದು ಇಸ್‌ಹಾಕ್ ಬರೆದರು. ಔಷಧ, ಪಥ್ಯ, ಸ್ನಾನಗಳ ಜೊತೆಗೆ ಒಳ್ಳೆಯ ಮಾತು, ಸಂಗೀತ ಮತ್ತು ವಿಹಾರವನ್ನೂ ಚಿಕಿತ್ಸೆಯಾಗಿ ಸೂಚಿಸಿದರು. ಮುಂದೆ 11ನೇ ಶತಮಾನದಲ್ಲಿ ಇಟಲಿಯ ಮೊಂಟೆ ಕಸಿನೋ ಮಠದಲ್ಲಿದ್ದ ಕಾನ್‌ಸ್ಟಂಟೈನ್ ಎಂಬ ಆಫ್ರಿಕಾ ಮೂಲದ ವಿದ್ವಾಂಸ ಈ ಪ್ರಬಂಧವನ್ನು ಲ್ಯಾಟಿನ್‌ಗೆ ತಂದ. ಯೂರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು.

ಒಡೆದ ಗುಡಾಣ

13ನೇ ಶತಮಾನದ ಇಬ್ನು ಅಬೀ ಉಸೈಬಿಅ ವೈದ್ಯರ ಜೀವನಚರಿತ್ರೆಗಳ ಮಹಾಕೋಶವೊಂದನ್ನು ಬರೆದವರು. 12ನೇ ಶತಮಾನದ ಬಗ್ದಾದ್‌ನ ತತ್ವಜ್ಞಾನಿ ಮತ್ತು ವೈದ್ಯ ಅಬುಲ್ ಬರಕಾತ್ ಅಲ್‌ಬಗ್ದಾದಿಯ ಬಗ್ಗೆ ಅವರೊಂದು ಘಟನೆಯನ್ನು ಹೇಳುತ್ತಾರೆ. ತನ್ನ ತಲೆಯ ಮೇಲೆ ದೊಡ್ಡದೊಂದು ಮಣ್ಣಿನ ಗುಡಾಣ ಕುಳಿತಿದೆಯೆಂದು ಒಬ್ಬ ನಂಬಿದ್ದ. ಅದು ಬೀಳದಂತೆ ಮೆಲ್ಲಮೆಲ್ಲನೆ ನಡೆಯುತ್ತಿದ್ದ. ಮಾಡು ತಗ್ಗಾಗಿರುವ ಮನೆಗಳನ್ನು ಹೊಗುತ್ತಿರಲಿಲ್ಲ. ಯಾರನ್ನೂ ಹತ್ತಿರ ಬರಗೊಡುತ್ತಿರಲಿಲ್ಲ. ಹಲವು ವೈದ್ಯರು ಕೈಚೆಲ್ಲಿದ ಬಳಿಕ ಆತನನ್ನು ಅಬುಲ್ ಬರಕಾತ್ ಬಳಿಗೆ ತರಲಾಯಿತು.

ಇದು ಭ್ರಮೆಯಿಂದಲೇ ಹೋಗಬೇಕಾದ ಭ್ರಮೆ ಎಂದು ಅವರು ತೀರ್ಮಾನಿಸಿದರು. ಒಬ್ಬ ಸೇವಕನ ಕೈಗೆ ದೊಣ್ಣೆ ಕೊಟ್ಟು, ರೋಗಿಯ ತಲೆಗಿಂತ ಮೇಲೆ ಗಾಳಿಯಲ್ಲಿ ಬಲವಾಗಿ ಬೀಸುವಂತೆ ಹೇಳಿದರು. ಮತ್ತೊಬ್ಬ ಸೇವಕನನ್ನು ಒಂದು ನಿಜವಾದ ಗುಡಾಣದೊಂದಿಗೆ ಮಾಡಿನ ಮೇಲೆ ನಿಲ್ಲಿಸಿದರು. ದೊಣ್ಣೆ ಬೀಸಿದ ಕ್ಷಣದಲ್ಲೇ ಮೇಲಿನಿಂದ ಗುಡಾಣ ಬಿದ್ದು ಚೂರುಚೂರಾಯಿತು. ಚೂರುಗಳನ್ನು ಕಂಡ ರೋಗಿ ತನ್ನ ಗುಡಾಣ ಒಡೆದೇ ಹೋಯಿತೆಂದು ನಂಬಿದ. ಅವನ ಕಾಯಿಲೆ ವಾಸಿಯಾಯಿತೆಂದು ಗ್ರಂಥ ಹೇಳುತ್ತದೆ.

ಕತೆ ಸ್ವಾರಸ್ಯಕರವಾಗಿದೆ. ವೈದ್ಯನ ಜಾಣ್ಮೆಯನ್ನು ಮೆಚ್ಚಿ ನಕ್ಕುಬಿಡಲು ಅಡ್ಡಿಯಿಲ್ಲ. ಆದರೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಗುಡಾಣ ಒಡೆಯಿತೆಂದು ಆತ ನಂಬಿದನೇ ಹೊರತು, ಗುಡಾಣ ಇರಲೇ ಇಲ್ಲವೆಂದು ಅವನಿಗೆ ತಿಳಿಯಲಿಲ್ಲ. ನಾಳೆ ಅವನ ತಲೆಯ ಮೇಲೆ ಇನ್ನೊಂದು ಗುಡಾಣ ಬಂದು ಕುಳಿತರೆ? ಈ ಪ್ರಶ್ನೆಯನ್ನು ಬದಿಗಿಟ್ಟುಕೊಂಡು ಇನ್ನೊಂದು ಪ್ರಸಂಗವನ್ನು ನೋಡೋಣ.

ಬಡಕಲು ಹಸು

ಇಬ್ನು ಸೀನಾ (980-1037) ಅವರ ಹೆಸರು ನಮ್ಮ ಓದುಗರಿಗೆ ಹೊಸತಲ್ಲ. ರಯ್ ನಗರದಲ್ಲಿ ಬುವೈಹಿ ದೊರೆ ಮಜ್ದುದ್ದೌಲಾಗೆ ಮಾಲಿಖೂಲಿಯಾದ ಚಿಕಿತ್ಸೆ ನೀಡಿದ್ದರೆಂಬುದು ಅವರ ಶಿಷ್ಯ ಬರೆದ ಜೀವನಚರಿತ್ರೆಯಲ್ಲೇ ಇದೆ. ಅವರು ತೀರಿಕೊಂಡು ನೂರು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ ನಿಝಾಮಿ ಅರೂಝಿ ಎಂಬ ಲೇಖಕ 'ಚಹಾರ್ ಮಖಾಲಾ' ಎಂಬ ಪರ್ಶಿಯನ್ ಕೃತಿಯಲ್ಲಿ ಬುವೈಹಿ ಮನೆತನದ ಯುವಕನೊಬ್ಬನ ಕತೆಯನ್ನು ಬರೆದ. ಕತೆ ಬಾಯಿಂದ ಬಾಯಿಗೆ ಬರುವಾಗ ಒಂದಿಷ್ಟು ಬಣ್ಣ ಮೆತ್ತಿಕೊಂಡಿರಬಹುದು. ಆದರೂ ಅದರಲ್ಲಿ ಕಾಣುವ ಚಿಕಿತ್ಸೆಯ ವಿವೇಕ ಗಮನಾರ್ಹ.

ಆ ಯುವಕ ತಾನೊಂದು ಹಸು ಎಂದು ನಂಬಿದ್ದ. ಹಗಲಿಡೀ ಅಂಬಾ ಎಂದು ಕೂಗುತ್ತಿದ್ದ. ತನ್ನನ್ನು ಕೊಯ್ದು ಒಳ್ಳೆಯ ಅಡುಗೆ ಮಾಡಿ ಎಂದು ಕಂಡವರನ್ನೆಲ್ಲ ಪೀಡಿಸುತ್ತಿದ್ದ. ಕೊನೆಗೆ ಊಟ ಬಿಟ್ಟ. ದೇಹ ಕೃಶವಾಗತೊಡಗಿತು. ವೈದ್ಯರಿಗೆ ಏನೂ ತೋಚಲಿಲ್ಲ. ಆಗ ವಜೀರರಾಗಿದ್ದ ಇಬ್ನು ಸೀನಾರಿಗೆ ಸುದ್ದಿ ಮುಟ್ಟಿತು. ಕಟುಕ ಬರುತ್ತಿದ್ದಾನೆಂದು ರೋಗಿಗೆ ತಿಳಿಸಲು ಅವರು ಹೇಳಿಕಳುಹಿಸಿದರು. ರೋಗಿಗೆ ಸಂತೋಷವಾಯಿತು. ಬಳಿಕ ಇಬ್ನು ಸೀನಾ ಕೈಯಲ್ಲಿ ಕತ್ತಿ ಹಿಡಿದು ಬಂದು ಹಸು ಎಲ್ಲಿದೆಯೆಂದು ವಿಚಾರಿಸಿದರು. ಯುವಕ ತಾನೇ ಬಂದು ಮಲಗಿದ. ಕೈಕಾಲು ಕಟ್ಟಿಸಿ, ಕತ್ತಿಗೆ ಕತ್ತಿ ಮಸೆದು, ಕಟುಕರು ಮಾಡುವಂತೆ ಪಕ್ಕೆಲುಬುಗಳ ಮೇಲೆ ಕೈಯಾಡಿಸಿ ನೋಡಿದ ಅವರು, ಹಸು ತೀರಾ ಬಡಕಲಾಗಿದೆ, ಇದು ಕೊಯ್ಯಲು ಆಗದು, ಮೇವು ಹಾಕಿ ಕೊಬ್ಬಿಸಿದ ಮೇಲೆ ನೋಡೋಣ ಎಂದು ಎದ್ದುಹೋದರು. ಅಂದಿನಿಂದ ಆತ ಕೊಟ್ಟದ್ದನ್ನು ತಿಂದ. ಆಹಾರದ ಜೊತೆ ಔಷಧವೂ ಒಳಗೆ ಹೋಯಿತು. ಒಂದು ತಿಂಗಳೊಳಗೆ ಆತ ಗುಣಮುಖನಾದ.

ಈ ಎರಡು ಕತೆಗಳನ್ನು ಒಂದೇ ಎಂದು ಓದುವವರೇ ಹೆಚ್ಚು. ನಮ್ಮ ದೃಷ್ಟಿಯಲ್ಲಿ ಇವು ಒಂದೇ ಅಲ್ಲ. ಅಬುಲ್ ಬರಕಾತ್ ರೋಗಿಯ ನಂಬಿಕೆಯನ್ನೇ ನೆರವೇರಿಸಿದರು. ಇಲ್ಲದ ಗುಡಾಣವನ್ನು ಒಡೆದು ತೋರಿಸಿದರು. ಇಬ್ನು ಸೀನಾ ರೋಗಿ ಕೇಳಿದ್ದನ್ನು ಕೊಡಲಿಲ್ಲ. ನೀನು ಹಸುವಲ್ಲ ಎಂದು ವಾದಕ್ಕೂ ಇಳಿಯಲಿಲ್ಲ. ಆತ ಉಪವಾಸದಿಂದ ಸಾಯುತ್ತಿದ್ದಾನೆಂಬ ಸತ್ಯವನ್ನಷ್ಟೇ ಹಿಡಿದುಕೊಂಡರು. ಅವರು ಆಡಿದ ಮಾತಿನ ಉದ್ದೇಶ ಭ್ರಮೆಯನ್ನು ತಣಿಸುವುದಲ್ಲ, ಚಿಕಿತ್ಸೆಗೆ ಬಾಗಿಲು ತೆರೆಯುವುದು. ವಾಸಿ ಮಾಡಿದ್ದು ಕತ್ತಿಯಲ್ಲ. ಒಂದು ತಿಂಗಳ ಊಟ, ಔಷಧ ಮತ್ತು ಆರೈಕೆ. ರೋಗಿಯ ನಂಬಿಕೆ ಸುಳ್ಳಾಗಿರಬಹುದು, ಅವನ ಸಂಕಟ ಸುಳ್ಳಲ್ಲ ಎಂಬ ತಿಳಿವಳಿಕೆ ಇದರಲ್ಲಿದೆ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಸರಿಯಲ್ಲ. ದಮಾಸ್ಕಸ್‌ನಲ್ಲಿ ನೂರುದ್ದೀನ್ ಸುಲ್ತಾನ 1154ರಲ್ಲಿ ಕಟ್ಟಿಸಿದ ಬಿಮಾರಿಸ್ತಾನ್ ಪ್ರಸಿದ್ಧ ಆಸ್ಪತ್ರೆಯಾಗಿತ್ತು. 1184ರಲ್ಲಿ ಆ ನಗರವನ್ನು ಕಂಡ ಪ್ರವಾಸಿ ಇಬ್ನು ಜುಬೈರ್, ಮನೋರೋಗಿಗಳಿಗೂ ಅಲ್ಲಿ ಚಿಕಿತ್ಸೆ ಇತ್ತೆಂದು ಬರೆದಿದ್ದಾರೆ. ಅವರನ್ನು ಸರಪಳಿಯಲ್ಲಿ ಬಿಗಿಯಲಾಗಿತ್ತು ಎಂಬುದನ್ನೂ ಬರೆದಿದ್ದಾರೆ. ಚಿಕಿತ್ಸೆ ಮತ್ತು ಸರಪಳಿ ಎರಡೂ ನಮ್ಮ ಪರಂಪರೆಯಲ್ಲಿವೆ. ಯಾವುದನ್ನು ಮುಂದುವರಿಸುತ್ತೇವೆ ಎಂಬುದು ನಮ್ಮ ಆಯ್ಕೆ.

ಗಾಜಿನ ದೊರೆ

ಯೂರೋಪಿನಲ್ಲಿ ಮಣ್ಣಿನ ಜಾಗಕ್ಕೆ ಗಾಜು ಬಂತು. ಫ್ರಾನ್ಸ್‌ನ ದೊರೆ 6ನೇ ಚಾರ್ಲ್ಸ್ 1380ರಿಂದ 1422ರವರೆಗೆ ಸಿಂಹಾಸನದಲ್ಲಿದ್ದ. 1392ರಲ್ಲಿ ಲೆ ಮಾನ್ ಬಳಿಯ ಕಾಡಿನಲ್ಲಿ ಹಠಾತ್ತನೆ ಬುದ್ಧಿಭ್ರಮಣೆಯಾಗಿ ತನ್ನದೇ ಪರಿವಾರದವರ ಮೇಲೆ ಕತ್ತಿ ಎತ್ತಿ ಹಲವರನ್ನು ಕೊಂದ. ಆ ಬಳಿಕ ಮೂವತ್ತು ವರ್ಷ ಈ ಕಾಯಿಲೆ ಬಿಟ್ಟುಬಿಟ್ಟು ಆತನನ್ನು ಕಾಡಿತು. ತಾನು ಗಾಜಿನಿಂದ ಆಗಿದ್ದೇನೆಂದು ನಂಬಿ, ಯಾರಾದರೂ ಮುಟ್ಟಿದರೆ ಒಡೆದು ಹೋದೇನೆಂಬ ಭಯದಿಂದ ಬಟ್ಟೆಯೊಳಗೆ ಕಬ್ಬಿಣದ ಸರಳುಗಳನ್ನು ಹೊಲಿಸಿಕೊಂಡಿದ್ದನೆಂದು ಮುಂದೆ ಪೋಪ್ 2ನೇ ಪಯಸ್ ಬರೆದ. ನಂತರದ ಎರಡು ಮೂರು ಶತಮಾನಗಳಲ್ಲಿ ಇಂಥ 'ಗಾಜಿನ ಮನುಷ್ಯರು' ಯೂರೋಪಿನ ವೈದ್ಯಗ್ರಂಥಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಾರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಅವರು ಬಹಳ ಅಪರೂಪವಾದರು.

ಸ್ಪೇನ್‌ನ ಸೆರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕತೆಯೊಂದರ ನಾಯಕನೂ ಗಾಜಿನ ಮನುಷ್ಯನೇ. ಹುಚ್ಚನಾಗಿದ್ದಾಗ ಅವನ ಮಾತು ಕೇಳಲು ಜನ ಮುಗಿಬೀಳುತ್ತಾರೆ. ವಾಸಿಯಾಗಿ ವಕೀಲಿ ಮಾಡಲು ಬಂದಾಗ ಒಬ್ಬನೂ ಕೆಲಸ ಕೊಡುವುದಿಲ್ಲ. ಕೊನೆಗೆ ಆತ ಸೈನ್ಯ ಸೇರಿ ಸಾಯುತ್ತಾನೆ. ಭ್ರಮೆಗೆ ಒಳಗಾದವನನ್ನು ನೋಡಲು ಸೇರುವ ಜನ, ಅವನು ಗುಣವಾದ ಮೇಲೆ ಅವನಿಗೆ ಜಾಗ ಕೊಡುವುದಿಲ್ಲ. ನಾಲ್ಕು ಶತಮಾನಗಳಲ್ಲಿ ಈ ವಿಷಯದಲ್ಲಿ ಲೋಕ ಎಷ್ಟು ಬದಲಾಗಿದೆ?

ಮಣ್ಣು, ಗಾಜು ಎಂಬ ಈ ಬದಲಾವಣೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನಸ್ಸು ತನ್ನ ಭಯಕ್ಕೆ ಬೇಕಾದ ಉಡುಪನ್ನು ತನ್ನ ಕಾಲದ ವಸ್ತುಗಳಿಂದಲೇ ಹೊಲಿದುಕೊಳ್ಳುತ್ತದೆ. ಹಾಗಾದರೆ ಮನೆಮನೆಗೂ ಕನ್ನಡಿ ಬಂದ ಕಾಲದಲ್ಲಿ ಅದು ಏನನ್ನು ತೊಡಬಹುದು?

ಕನ್ನಡಿಯ ಕಾಲ

1880ರಲ್ಲಿ ಫ್ರಾನ್ಸ್‌ನ ವೈದ್ಯ ಜೂಲ್ಸ್ ಕೊಟಾರ್ಡ್ ಒಬ್ಬ ಮಹಿಳೆಯ ಬಗ್ಗೆ ವರದಿ ಮಾಡಿದ. ತನಗೆ ಮೆದುಳಿಲ್ಲ, ನರಗಳಿಲ್ಲ, ಹೊಟ್ಟೆಯಿಲ್ಲ, ಬರೀ ಚರ್ಮ ಮತ್ತು ಮೂಳೆ ಉಳಿದಿದೆ, ಆದ್ದರಿಂದ ಊಟದ ಅಗತ್ಯವಿಲ್ಲ ಎಂದು ಆಕೆ ನಂಬಿದ್ದಳು. ಇದು ಇಸ್‌ಹಾಕ್‌ರ 'ತಲೆಯಿಲ್ಲದ' ರೋಗಿಯ ಸಾಲಿಗೆ ಸೇರುವಂಥದ್ದು. ಆದರೆ 1891ರಲ್ಲಿ ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ ಬೇರೆಯೇ ಬಗೆಯ ರೋಗಿಗಳನ್ನು ಗುರುತಿಸಿದ. ಇವರು ತಲೆಯಿಲ್ಲ ಎನ್ನುವವರಲ್ಲ, ಹಸು ಎನ್ನುವವರೂ ಅಲ್ಲ. ನೋಡಲು ಸಾಮಾನ್ಯವಾಗಿರುವ, ಬುದ್ಧಿ ಸ್ವಸ್ಥವಾಗಿರುವ ಜನ. ಆದರೆ ಓದುವಾಗ, ಊಟ ಮಾಡುವಾಗ, ಯಾರೊಡನೆಯೋ ಮಾತಾಡುವಾಗ, ತನ್ನ ಅಂಗವೊಂದು ವಿಕಾರವಾಗಿದೆಯೆಂಬ ಭಯ ಇವರನ್ನು ಹಿಡಿದುಬಿಡುತ್ತದೆ. ಕನ್ನಡಿಯ ಬಳಿಗೆ ಓಡುತ್ತಾರೆ. ನೋಡಿದಷ್ಟೂ ಭಯ ಹೆಚ್ಚುತ್ತದೆ. ಇದಕ್ಕೆ ಮೊರ್ಸೆಲ್ಲಿ 'ಡಿಸ್‌ಮಾರ್ಫೊಫೋಬಿಯಾ' ಎಂದು ಹೆಸರಿಟ್ಟ. ವಿಕಾರದ ಭಯ ಎಂದು ಇದರ ಅರ್ಥ.

ಸಿಗ್ಮಂಡ್ ಫ್ರಾಯ್ಡ್‌ನ ಪ್ರಸಿದ್ಧ ರೋಗಿ, ರಷ್ಯಾದ ಸೆರ್ಗೆಯ್ ಪಾಂಕೆಯೆಫ್ ಇದಕ್ಕೆ ಒಳ್ಳೆಯ ಉದಾಹರಣೆ. ಮೂಗಿನ ಮೇಲೆ ಚರ್ಮವೈದ್ಯರು ಮಾಡಿದ ಸಣ್ಣ ಚಿಕಿತ್ಸೆಯ ಬಳಿಕ ಮೂಗೇ ಹಾಳಾಯಿತೆಂದು ಆತ ನಂಬಿದ. ಜೇಬಿನಲ್ಲಿ ಕನ್ನಡಿ ಇಟ್ಟುಕೊಂಡು ಮತ್ತೆ ಮತ್ತೆ ಮೂಗನ್ನು ನೋಡಿಕೊಳ್ಳುತ್ತಿದ್ದ. 1926ರಲ್ಲಿ ರುತ್ ಮ್ಯಾಕ್ ಬ್ರನ್ಸ್‌ವಿಕ್ ಎಂಬ ವೈದ್ಯೆ ಆತನಿಗೆ ಚಿಕಿತ್ಸೆ ನೀಡಿದರು. ಇಂದು ಜೇಬಿನ ಕನ್ನಡಿಯ ಸ್ಥಾನವನ್ನು ಮೊಬೈಲ್ ಫೋನ್ ಪಡೆದಿದೆ. ಅದು ಮುಖವನ್ನು ತೋರಿಸುವುದಷ್ಟೇ ಅಲ್ಲ, ತಿದ್ದಿಯೂ ಕೊಡುತ್ತದೆ.

ಅಮೆರಿಕದ ಮನೋವೈದ್ಯರ ಸಂಘ 1980ರ ತನ್ನ ಕೈಪಿಡಿಯಲ್ಲಿ ಈ ಕಾಯಿಲೆಯನ್ನು ಹೆಸರಿಸಿತು. 1987ರಲ್ಲಿ 'ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್' ಎಂಬ ಇಂದಿನ ಹೆಸರು ಕೊಟ್ಟಿತು. 2013ರಲ್ಲಿ ಇದನ್ನು ಗೀಳುರೋಗಗಳ ಗುಂಪಿಗೆ ಸೇರಿಸಿತು. ಎಷ್ಟು ಮೈ ಬೆಳೆಸಿದರೂ ತಾನು ಸಣಕಲೆಂದೇ ನಂಬಿ ಜಿಮ್ ಬಿಟ್ಟು ಬಾರದ ಯುವಕರಲ್ಲಿ ಕಾಣುವುದೂ ಇದರದೇ ಒಂದು ರೂಪವೆಂದು ಆಗ ಒಪ್ಪಿಕೊಳ್ಳಲಾಯಿತು. ವಿವಿಧ ದೇಶಗಳ ಸಮೀಕ್ಷೆಗಳ ಪ್ರಕಾರ ನೂರರಲ್ಲಿ ಸುಮಾರು ಇಬ್ಬರಿಗೆ ಈ ತೊಂದರೆ ಇರುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಇದು ಹೆಣ್ಣುಮಕ್ಕಳ ಕಾಯಿಲೆ ಎಂಬ ಕಲ್ಪನೆ ತಪ್ಪು. ಗಂಡಸರಲ್ಲೂ ಇದು ಹೆಚ್ಚು ಕಡಿಮೆ ಅಷ್ಟೇ ಇದೆ. ಆತ್ಮಹತ್ಯೆಯ ಆಲೋಚನೆ ಈ ರೋಗಿಗಳಲ್ಲಿ ಬಹಳ ಹೆಚ್ಚು ಎಂಬುದು ಎಲ್ಲಕ್ಕಿಂತ ಆತಂಕದ ಸಂಗತಿ.

ತಾನು ಹಸು ಎನ್ನುವವನಿಗೆ ಕಾಯಿಲೆಯಿದೆಯೆಂದು ಊರಿಗೆಲ್ಲ ತಿಳಿಯುತ್ತದೆ. ಮೂಗು ಸೊಟ್ಟಗಿದೆ ಎನ್ನುವವನ ಕಾಯಿಲೆ ಯಾರಿಗೂ ತಿಳಿಯುವುದಿಲ್ಲ. ಮನೆಯವರು ಅದನ್ನು ಶೋಕಿ ಎನ್ನುತ್ತಾರೆ. ಕೆಲಸವಿಲ್ಲದವರ ಚಿಂತೆ ಎನ್ನುತ್ತಾರೆ. ದೇವರ ಸೃಷ್ಟಿಯನ್ನು ಹಳಿಯಬಾರದೆಂದು ಉಪದೇಶಿಸುತ್ತಾರೆ. ಉಪದೇಶದಲ್ಲಿ ತಪ್ಪಿಲ್ಲ. ಆದರೆ ಜ್ವರ ಬಂದವನಿಗೆ ಮೈ ಬಿಸಿ ಮಾಡಿಕೊಳ್ಳಬೇಡ ಎಂದಂತಾಗುತ್ತದೆ ಅದು. ಇತ್ತ ಹೆಣ್ಣು ನೋಡಲು ಬಂದವರು ಬಣ್ಣದ ಬಗ್ಗೆ, ಎತ್ತರದ ಬಗ್ಗೆ ಎಲ್ಲರೆದುರೇ ಮಾತಾಡುತ್ತಾರೆ. ಒಂದು ಮಾತಿನಿಂದ ರೋಗ ಹುಟ್ಟುವುದಿಲ್ಲ, ನಿಜ. ಆದರೆ ಒಳಗಿರುವ ಭಯಕ್ಕೆ ಸಾಕ್ಷಿ ಹೇಳಲು ಒಂದು ಮಾತು ಸಾಕು.

ಬದಿಗಿಟ್ಟಿದ್ದ ಗುಡಾಣದ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಈ ರೋಗಿಗಳಲ್ಲಿ ಅನೇಕರು ಮನೋವೈದ್ಯರ ಬಳಿಗೆ ಹೋಗುವುದಿಲ್ಲ, ಚರ್ಮವೈದ್ಯರ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸಕರ ಬಳಿಗೆ ಹೋಗುತ್ತಾರೆ. ಮೂಗನ್ನು ತಿದ್ದಿಸಿಕೊಳ್ಳುತ್ತಾರೆ. ಕೆಲವು ದಿನಗಳ ಸಮಾಧಾನದ ಬಳಿಕ ತಿದ್ದಿದ ಮೂಗಿನಲ್ಲೇ ಹೊಸ ದೋಷ ಕಾಣುತ್ತದೆ, ಇಲ್ಲವೇ ಚಿಂತೆ ಮೂಗಿನಿಂದ ಗಲ್ಲಕ್ಕೆ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯಿಂದ ಈ ಕಾಯಿಲೆ ಸಾಮಾನ್ಯವಾಗಿ ವಾಸಿಯಾಗದು ಎಂಬುದನ್ನು ಅಧ್ಯಯನಗಳು ತೋರಿಸಿವೆ. ಒಡೆದ ಗುಡಾಣದ ಜಾಗದಲ್ಲಿ ಮತ್ತೊಂದು ಗುಡಾಣ ಬಂದು ಕುಳಿತಿರುತ್ತದೆ. ಹಣ ಪಡೆದು ಅದನ್ನು ಒಡೆದು ಕೊಡುವವರಿಗೆ ಇಂದು ಬರವಿಲ್ಲ.

ನಿಜವಾದ ಚಿಕಿತ್ಸೆ ಇಬ್ನು ಸೀನಾರ ದಾರಿಗೆ ಹತ್ತಿರವಾದದ್ದು. ಖಿನ್ನತೆಗೆ ಕೊಡುವ ಕೆಲವು ಬಗೆಯ ಮಾತ್ರೆಗಳು ಇದರಲ್ಲೂ ಕೆಲಸ ಮಾಡುತ್ತವೆ. ಫಲ ಕಾಣಲು ಹಲವು ವಾರಗಳು ಬೇಕು. ಜೊತೆಗೆ, ಕನ್ನಡಿ ನೋಡುವುದನ್ನು ಕಡಿಮೆ ಮಾಡುತ್ತಾ, ತಪ್ಪಿಸಿಕೊಳ್ಳುತ್ತಿದ್ದ ಜನರ ನಡುವೆ ಹಂತಹಂತವಾಗಿ ಹೋಗಲು ಕಲಿಸುವ ಮಾತಿನ ಚಿಕಿತ್ಸೆಯಿದೆ. ಮೂಗು ಚೆನ್ನಾಗಿದೆಯೋ ಇಲ್ಲವೋ ಎಂಬ ವಾದದಲ್ಲಿ ವೈದ್ಯರು ಸಿಕ್ಕಿಕೊಳ್ಳುವುದಿಲ್ಲ. ಈ ಚಿಂತೆಯಿಂದ ದಿನದ ಎಷ್ಟು ಗಂಟೆ ಹೋಗುತ್ತಿದೆ, ನಿದ್ದೆ ಬರುತ್ತಿದೆಯೇ, ಕಾಲೇಜಿಗೆ ಹೋಗಲು ಆಗುತ್ತಿದೆಯೇ ಎಂದು ಕೇಳುತ್ತಾರೆ. ಮನೆಯವರು ಕೇಳಬೇಕಾದುದೂ ಇದನ್ನೇ.

ಸರಪಳಿ ಬೇಡ

ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗ್ಗೆ ನಡೆದುದನ್ನು ನೆನಪಿಸದೆ ಈ ಲೇಖನ ಪೂರ್ಣವಾಗದು. ದರ್ಗಾದ ಪರಿಸರದಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿಯಲ್ಪಟ್ಟಿದ್ದ ಮನೋರೋಗಿಗಳಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಗುಣವಾದೀತೆಂಬ ಆಸೆಯಿಂದ ಅವರನ್ನು ಅಲ್ಲಿಗೆ ತಂದು ಬಿಟ್ಟವರು ಅವರವರ ಮನೆಯವರೇ. ಬೇರೆ ಬೇರೆ ಧರ್ಮದ ಕುಟುಂಬಗಳು ಅಲ್ಲಿಗೆ ಬರುತ್ತಿದ್ದವು. ಅವರಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳಲಾಗದು. ಇದು ಚಿಕಿತ್ಸೆಯಿರುವ ಕಾಯಿಲೆ ಎಂಬ ಮಾಹಿತಿ ಮತ್ತು ಆ ಚಿಕಿತ್ಸೆ ಕೈಗೆಟಕುವ ಅನುಕೂಲ ಇರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಗಳನ್ನು ಯಾವ ರೂಪದಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೆಸರು ಕೆಡುತ್ತದೆಂಬ ಅಂಜಿಕೆ ಇರುವವರಿಗೂ ಇದೊಂದು ಸುಲಭದ ಮೊದಲ ಹೆಜ್ಜೆ.

ಇಬ್ನು ಸೀನಾರ ಹೆಸರನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆಸ್ಪತ್ರೆಗಳಿಗೆ, ಶಾಲೆಗಳಿಗೆ ಅವರ ಹೆಸರಿಡುತ್ತೇವೆ. ಅವರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ದೇಶದ ವಜೀರರಾಗಿದ್ದ ಆ ಪಂಡಿತರು, ಅಂಬಾ ಎಂದು ಕೂಗುವ ಹುಡುಗನನ್ನು ಕಂಡು ನಗಲಿಲ್ಲ, ಗದರಲಿಲ್ಲ, ಗಾದೆ ಹೇಳಿ ಮಾತು ಮುಗಿಸಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವನ ಪಕ್ಕೆಲುಬುಗಳನ್ನು ಮುಟ್ಟಿ ನೋಡಿದರು. ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿರುವ ಮಕ್ಕಳ ಬಳಿಗೆ ಹೋಗಿ ಅಷ್ಟು ಹೊತ್ತು ಕುಳಿತುಕೊಳ್ಳಲು ನಾವು ಪಂಡಿತರಾಗಿರಬೇಕಿಲ್ಲ.